ಬೋಗಿಮರ ಇಳಿಸಿದ ನೀಲಿ

ಲೋಕ ಹೊಸದಾಗಿದ್ದ ಕಾಲ. ಬಂಡೆಗಳು ಇನ್ನೂ ಬೆಣ್ಣೆಯಷ್ಟು ಮೆತ್ತಗಿದ್ದವು. ಗುಡ್ಡ ಹತ್ತಿ ಕೈ ಚಾಚಿದರೆ ಬೆರಳಿಗೆ ಆಕಾಶ ಮೆತ್ತಿಕೊಳ್ಳುತ್ತಿತ್ತು. ಸುಳ್ಳು ಅನ್ನುವವರು ಆಗ ಹುಟ್ಟಿರಲೇ ಇಲ್ಲ.

ಒಂದು ಬೋಗಿಮರದ ಬುಡದಲ್ಲಿ ಇಬ್ಬರು ಅಣಬೆ ಅಣ್ಣತಮ್ಮಂದಿರಿದ್ದರು. ಒಂದೇ ಕಂದು ಟೋಪಿ, ಒಂದೇ ದಪ್ಪ ಕಾಲು, ಟೋಪಿಯಡಿ ಜೇನುಹುಟ್ಟಿನಂಥ ಒಂದೇ ತೂತು ತೂತು. ಮೂಡಲ ಮಗ್ಗುಲಿನವನು ಸಾರಿಗೆ ರುಚಿ. ಪಡುವಲ ಮಗ್ಗುಲಿನವನು ಹೊಟ್ಟೆಗಿಳಿದರೆ ಹೊತ್ತು ಮುಳುಗುವುದರೊಳಗೆ ಜೀವ ಹೋಗುತ್ತಿತ್ತು.

ಬೊಮ್ಮಕ್ಕ ಸೌದೆ ಆರಿಸಿ ತಿರುಗಿ ನೋಡುತ್ತಾಳೆ, ಮಗಳು ದಾರು ಮರದಡಿ ಕೂತು ಏನೋ ಜಗಿಯುತ್ತಿದ್ದಾಳೆ. ಎರಡು ಅಣಬೆಗೂ ಕಚ್ಚಿದ ಗುರುತು!

"ಯಾವ್ದು ತಿಂದೆ ಮಗಾ?"

"ಇದು," ಎಂದಳು ದಾರು, ಎರಡರ ಕಡೆಗೂ ಕೈ ಮಾಡಿ.

ಬೊಮ್ಮಕ್ಕ ಮಡಿಲು ತಡಕಿದಳು. ಕಾಡಿಗೆ ಬರುವವರೆಲ್ಲ ಮಡಿಲಲ್ಲಿ ಕಹಿಕಾಯಿ ಕಟ್ಟಿಕೊಳ್ಳುತ್ತಿದ್ದರು. ನಂಜೇರಿದವರಿಗೆ ಅದು ಮದ್ದು. ನಂಜಿಲ್ಲದ ಹೊಟ್ಟೆಗೆ ಅದೇ ನಂಜು. ಕೊಡಬೇಕೋ, ಬಿಡಬೇಕೋ?

ಪಕ್ಕದಲ್ಲಿ ಬಸವನಹುಳು ಬಾಯಿ ಒರೆಸಿಕೊಳ್ಳುತ್ತಿತ್ತು. ಆಗಿನ ಬಸವನಹುಳು ಅಂದರೆ ಎಮ್ಮೆಕರುವಿನ ಗಾತ್ರ. ಹಲ್ಲು ಮಾತ್ರ ಮಕ್ಕಳ ಹಲ್ಲಿನಷ್ಟೇ. ಯಾವ ನಂಜೂ ಅದಕ್ಕೆ ತಾಗದು.

"ಏ, ನೀನು ಕಚ್ಚಿದ್ದು ಯಾವುದಕ್ಕೆ?"

"ಬಾಯಿಗೆ ಬಿದ್ದದ್ದರ ಊರು ಕೇರಿ ಕೇಳುವವನಲ್ಲ ಅಕ್ಕಾ ನಾನು."

ಗಾಳಿಯನ್ನು ಕೇಳಿದಳು. "ಈಗಷ್ಟೇ ಬಂದೆ," ಎಂದಿತು ಗಾಳಿ. ಅದು ಯಾವಾಗ ಕೇಳಿದರೂ ಈಗಷ್ಟೇ ಬಂದದ್ದು.

ದಾರು ಹೊಟ್ಟೆ ಹಿಡಿದುಕೊಂಡಳು. "ಅವ್ವಾ, ಹೊಟ್ಟೆ ಗುಡುಗುಡು."

ಬೊಮ್ಮಕ್ಕ ಬೋಗಿಮರವನ್ನು ತಬ್ಬಿಕೊಂಡಳು. "ತಾಯೀ, ನೀನಾದರೂ ಹೇಳೇ!"

ಮರ ನಡುಗಿತು. "ಇಬ್ಬರೂ ನನ್ನ ಬೇರಿನ ಹಾಲು ಕುಡಿದವರು. ಒಬ್ಬನ ಕಡೆ ಬೆರಳು ತೋರಿದರೆ ಕಿತ್ತು ಸುಡ್ತೀಯಲ್ಲೇ?"

"ಸುಡಲ್ಲ. ಯಾರ ಮೇಲೂ ಕೈ ಮಾಡಲ್ಲ. ನನ್ನ ಕೂಸಿನ ಹಲ್ಲು ತಾಗಿದ್ದೆಲ್ಲಿ, ಅಷ್ಟು ತೋರಿಸು."

ಮರ ತುದಿಕೊಂಬೆ ಚಾಚಿ ಆಕಾಶದಿಂದ ಒಂದು ಗುಟುಕು ನೀಲಿ ಹೀರಿತು. ನೀಲಿ ಕೊಂಬೆಗಿಳಿಯಿತು, ಕಾಂಡಕ್ಕಿಳಿಯಿತು, ಬೇರಿಗಿಳಿಯಿತು. ಬೊಮ್ಮಕ್ಕ ಕಹಿಕಾಯಿ ಅರೆದಳು, ಕಣ್ಣು ಅಣಬೆಗಳ ಮೇಲೆ. ಇನ್ನೂ ಬಂದಿಲ್ಲ. ದಾರು ಮಂಕಾಗುತ್ತಿದ್ದಾಳೆ. ಇನ್ನೂ ಬಂದಿಲ್ಲ. ಮದ್ದು ಮಗುವಿನ ತುಟಿಯ ಹತ್ತಿರ ಹೋಯಿತು.

ಆಗ ಮೂಡಲವನ ಟೋಪಿಯಂಚಿನಲ್ಲಿ ಎದ್ದಿತು ನೋಡು, ಪುಟ್ಟ ಪುಟ್ಟ ನೀಲಿ ಹಲ್ಲಿನ ಸಾಲು! ಪಡುವಲವನ ಗಾಯ ಬೆಳ್ಳಗೇ ಇತ್ತು.

ಬೊಮ್ಮಕ್ಕ ಮದ್ದನ್ನು ದೂರ ಚೆಲ್ಲಿದಳು.

"ಅವ್ವಾ," ಎಂದಳು ದಾರು, "ಹಸಿವು."

ಇಳಿದ ನೀಲಿ ಮತ್ತೆ ಮೇಲೆ ಹೋಗಲಿಲ್ಲ. ಅಣ್ಣತಮ್ಮಂದಿರ ಸಂತಾನ ಮೂಡಲ ಪಡುವಲ ಎನ್ನದೆ ಬೆರೆತುಹೋಯಿತು. ಅದಕ್ಕೇ ಮಗಾ, ಇವತ್ತಿಗೂ ಅಂಥ ಅಣಬೆಯನ್ನು ಬೆರಳಿಂದ ಒತ್ತಿದರೆ ನೀಲಿ ಏಳುತ್ತದೆ. ನಂಜೋ ಅಲ್ಲವೋ ಎಂದು ಮಾತ್ರ ಆ ಮರತಾಯಿ ಹೇಳುವುದಿಲ್ಲ, ಇಲ್ಲಿ ಯಾರೋ ಮುಟ್ಟಿದ್ದಾರೆ ಎಂದಷ್ಟೇ ತೋರಿಸುತ್ತಾಳೆ.