ದಿಕ್ಸೂಚಿಯ ಪಕ್ಕದ ಬಂದೂಕು

"ಗುರುಗಳೇ, ನಾಳೆ ಹೋಗುವಾಗ ದೊಣ್ಣೆ ಹಿಡಿದುಕೊಂಡು ಹೋಗಲೇ, ಬೇಡವೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಮೇಲಿನೂರಿಗೂ ಕೆಳಗಿನೂರಿಗೂ ಗೋಮಾಳದ ಗಡಿಯ ಜಗಳ. ಅದನ್ನು ಬಗೆಹರಿಸಲು ಮಠದಿಂದ ಅವನು ಹೋಗಬೇಕಿತ್ತು. ಹಿಂದೆ ಹೋದವನು ತಲೆ ಒಡೆಸಿಕೊಂಡು ಬಂದಿದ್ದ. ಹೊಡೆದವರು ಯಾವ ಊರಿನವರೆಂದು ಇನ್ನೂ ಗೊತ್ತಾಗಿರಲಿಲ್ಲ.

"ಕೆಳಗಿನೂರಿನವರು ಮಹಾ ಪುಂಡರು, ಗುರುಗಳೇ. ಬರಿಗೈಯಲ್ಲಿ ಹೋಗಲು ನನಗೆ ಭಯ," ಎಂದ. ದೊಣ್ಣೆ ಆಗಲೇ ಅವನ ತೊಡೆಯ ಮೇಲಿತ್ತು.

ಗುರುಗಳು ನಕ್ಕರು. "ಭಯವಾಗದೆ ಇನ್ನೇನು, ತಲೆ ನಿನ್ನದಲ್ಲವೇ! ಒಂದು ಕತೆ ಹೇಳುತ್ತೇನೆ, ಕೇಳು."

ಬಹಳ ಹಿಂದೆ ಅಮೆರಿಕದ ಪಡುವಣ ಗಡಿಯಲ್ಲಿ ಒಬ್ಬ ಮೋಜಣಿದಾರನಿದ್ದ. ಹೊಸದಾಗಿ ಬಂದವರ ಜಮೀನು ಎಲ್ಲಿ ಮುಗಿಯುತ್ತದೆ, ಅಲ್ಲಿನ ಮೂಲನಿವಾಸಿಗಳ ನೆಲ ಎಲ್ಲಿ ಶುರುವಾಗುತ್ತದೆ ಎಂದು ಅಳೆದು ಗೂಟ ಹೊಡೆಯುವುದು ಅವನ ಕೆಲಸ. ಅಳೆಯುವವರನ್ನು ಕಂಡರೆ ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅದಕ್ಕೇ ಅವರು ಬಂದೂಕು ಹೊತ್ತೇ ಹೋಗುತ್ತಿದ್ದರು. ಆದರೆ ಒಂದು ಕಟ್ಟಳೆಯಿತ್ತು. ದಿಕ್ಸೂಚಿ ನೋಡುವ ಮುಂಚೆ ಬಂದೂಕುಗಳನ್ನು ಇಪ್ಪತ್ತು ಹೆಜ್ಜೆ ದೂರ ಇಟ್ಟು, ಅಲ್ಲೊಬ್ಬನನ್ನು ಕಾವಲು ನಿಲ್ಲಿಸಬೇಕು. ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ಅದರ ಕಡೆಗೆ ವಾಲುತ್ತದೆ.

ಮೋಜಣಿದಾರನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಜೀವಭಯ ಬುದ್ಧಿಯ ಮಾತು ಕೇಳಬೇಕಲ್ಲ! ಪೊದೆ ಅಲುಗಿದರೂ ಅವನ ಕೈ ಬಂದೂಕಿಗೆ ಹೋಗುತ್ತಿತ್ತು. ಇಪ್ಪತ್ತು ಹೆಜ್ಜೆ ಓಡುವಷ್ಟರಲ್ಲಿ ನನ್ನ ಕತೆ ಮುಗಿದಿರುತ್ತದೆ ಎಂದುಕೊಂಡು, ಬಂದೂಕನ್ನು ದಿಕ್ಸೂಚಿಯ ಪಕ್ಕದಲ್ಲೇ ಬಲಗೈಗೆ ಎಟುಕುವ ಹಾಗೆ ಒರಗಿಸಿಕೊಂಡ. ಅವನ ಜೊತೆಗೆ ಅಳತೆಯ ಸರಪಳಿ ಹಿಡಿಯುತ್ತಿದ್ದ ಮುದುಕ ಬೇಡವೆಂದ. "ಸುಮ್ಮನಿರಯ್ಯ, ಕೂದಲೆಳೆಯಷ್ಟು ವ್ಯತ್ಯಾಸವಾದೀತು," ಎಂದು ಅವನ ಬಾಯಿ ಮುಚ್ಚಿಸಿದ.

ಆ ಕೂದಲೆಳೆ ದಿನದಿನಕ್ಕೆ ಅಗಲವಾಯಿತು. ಹನ್ನೊಂದನೆಯ ದಿನ ಅವನು ಗೂಟ ಹೊಡೆದದ್ದು ಮೂಲನಿವಾಸಿಗಳ ಮೆಕ್ಕೆಜೋಳದ ಹೊಲದ ನಟ್ಟನಡುವೆ. ಹೊಲದವರು ಬಂದು ಸುತ್ತುವರಿದರು. ಮೋಜಣಿದಾರ ಬಂದೂಕಿಗೆ ಕೈಚಾಚಿದ. ಅಷ್ಟರಲ್ಲಿ ಮುದುಕ ಅದನ್ನು ಎತ್ತಿಕೊಂಡು ದೂರ ನಡೆದುಬಿಟ್ಟ. ಎಲ್ಲರ ಕಣ್ಣೆದುರೇ ಮುಳ್ಳು ಸರಕ್ಕನೆ ಎಡಕ್ಕೆ ತಿರುಗಿ ನಿಂತಿತು.

ಮೋಜಣಿದಾರನಿಗೆ ನಾಚಿಕೆಯಾಯಿತು. ತಾನೇ ಬಗ್ಗಿ ಆ ಗೂಟ ಕಿತ್ತ. ಹಿಂದಿನವನ್ನೂ ಒಂದೊಂದಾಗಿ ಕಿತ್ತು, ಮೊದಲಿನಿಂದ ಅಳೆಯಲು ಹೊರಟ. ಈ ಸಲ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಂದೂಕಿನ ಪಕ್ಕ ಕಾವಲು ನಿಂತವನು ಆ ಹೊಲದ ಯಜಮಾನನೇ. ಕೆಲಸ ಮುಗಿಯುವವರೆಗೆ ಮೋಜಣಿದಾರನ ಒಂದು ಕೂದಲೂ ಕೊಂಕಲಿಲ್ಲ.

ಚನ್ನವೀರನ ಮುಖ ಅರಳಿತು. "ಅಂದರೆ ದೊಣ್ಣೆ ಒಯ್ಯಬಹುದು, ಗಡಿ ನೋಡುವಾಗ ಮಾತ್ರ ದೂರ ಇಡಬೇಕು. ಅಷ್ಟೇ ತಾನೇ, ಗುರುಗಳೇ?"

ಗುರುಗಳು ಅವನ ತೊಡೆಯ ಮೇಲಿನ ದೊಣ್ಣೆಯ ಕಡೆ ನೋಡಿದರು.

"ನೀನಿನ್ನೂ ಆ ಊರುಗಳಿಗೆ ಕಾಲೇ ಇಟ್ಟಿಲ್ಲ, ಕೆಳಗಿನೂರಿನವರೇ ಪುಂಡರೆಂದು ನಿನಗೆ ಹೇಳಿದ್ದು ಈ ದೊಣ್ಣೆಯೇ ಏನಪ್ಪ?"