ವ್ಯಾನಿನ ಬಾಗಿಲೂ ಹೊಸ ಸ್ಪೀಕರೂ

ಗುರುಬಸಪ್ಪನ ಹಳೇ ವ್ಯಾನಿನಲ್ಲಿ ಕಂಪನಿಯವರೇ ಕೂರಿಸಿದ್ದ ಸ್ಪೀಕರಿನ ಕಾಗದ ಹರಿದು, ಯಾವ ಹಾಡು ಹಾಕಿದರೂ ಗರಗರ ಎನ್ನುತ್ತಿತ್ತು. ಅವನು ಅದನ್ನು ಕಿತ್ತು ಸೀಟಿನಡಿಯ ಡಬ್ಬಕ್ಕೆ ಎಸೆದು, ಬಾಗಿಲಿಗೆ ಹೊಸದನ್ನು ಕೂರಿಸಿದ. ಹೊಸ ಸ್ಪೀಕರು ಗಂಟಲು ಸರಿಮಾಡಿಕೊಂಡು ಹಾಡಿತು. ಆದರೂ ಗರಗರ ನಿಲ್ಲಲಿಲ್ಲ.

"ಬಾಗಿಲಣ್ಣಾ, ಸದ್ದು ಮಾಡುತ್ತಿರುವುದು ನೀವು!" ಎಂದು ಹೊಸ ಸ್ಪೀಕರು ರೇಗಿತು. "ಕಿಟಕಿ ರಿಪೇರಿಗೆ ಬಿಚ್ಚಿದವರು ನಿಮ್ಮ ಒಳಹಲಗೆಗೆ ಕೆಲವು ಸ್ಕ್ರೂ ಹಾಕದೆ ಹೋಗಿದ್ದಾರೆ. ಅಲ್ಲಾಡಬೇಡಿ, ನನ್ನ ಮರ್ಯಾದೆ ಹೋಗುತ್ತೆ."

"ನಾನು ಈ ವ್ಯಾನಿನ ಜೊತೆ ಹುಟ್ಟಿದವನು. ಇವತ್ತು ಬಂದ ನೀನು ನನಗೆ ಹೇಳುತ್ತೀಯಾ?" ಎಂದಿತು ಬಾಗಿಲು.

ಗುರುಬಸಪ್ಪನಿಗೆ ಇಬ್ಬರ ಮಾತೂ ಕೇಳಿಸಲಿಲ್ಲ, ಗರಗರ ಮಾತ್ರ ಕೇಳಿಸಿತು. "ಥತ್, ಇದೂ ಡುಪ್ಲಿಕೇಟ್ ಮಾಲು!" ಎಂದು ಬೈದು, ಹೊಸದನ್ನೂ ಕಿತ್ತು ಡಬ್ಬಕ್ಕೆ ಹಾಕಿ, ಬಾಗಿಲನ್ನು ದಢಾರನೆ ಬಡಿದು ಅಂಗಡಿಗೆ ಹೊರಟ. ಆ ಏಟಿಗೆ ಇನ್ನೊಂದು ಸ್ಕ್ರೂ ಉದುರಿತು.

"ಈಗಿನ ಸ್ಪೀಕರುಗಳಿಗೆ ಬಾಳಿಕೆಯೇ ಇಲ್ಲ," ಎಂದು ಬಾಗಿಲು ನಿಟ್ಟುಸಿರುಬಿಟ್ಟಿತು.

ಡಬ್ಬದೊಳಗೆ ಹೊಸ ಸ್ಪೀಕರು ಕೋಪದಿಂದ ಕುದಿಯುತ್ತಿತ್ತು. ಹಳೆಯದು ಮೆಲ್ಲಗೆ ಹೇಳಿತು: "ಸ್ವಲ್ಪ ಸರಿದು ಕೂತುಕೋ ತಮ್ಮಾ. ಮೂರನೆಯವನಿಗೂ ಜಾಗ ಬೇಕು."