ಹನ್ನೆರಡು ಗೇರುಬೀಜದ ಪೊಟರೆ

ಒಂದು ಕಾಡಿನಲ್ಲಿ ಸಣ್ಣಮ್ಮ ಎಂಬ ಕಾಡುಪಾಪ ಇದ್ದಳು. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ನಡಿಗೆ ಬಲು ನಿಧಾನ. ಆಕೆ ಒಂದು ಕೊಂಬೆ ದಾಟುವಷ್ಟರಲ್ಲಿ ಅಳಿಲು ನಾಲ್ಕು ಮರ ಸುತ್ತಿ ಬಂದಿರುತ್ತಿತ್ತು. ಆದರೆ ಒಮ್ಮೆ ಕೇಳಿದ ಮಾತನ್ನು ಸಣ್ಣಮ್ಮ ಮರೆತದ್ದಿಲ್ಲ.

ಆಕೆಯ ಮಗಳು ಚುಕ್ಕಿಯ ಬಲಗಣ್ಣಿಗೆ ಹೂ ಬಿದ್ದು ನೋಟ ಮಸುಕಾಗಿತ್ತು. ಕಾಡುಪಾಪಗಳಿಗೆ ಕಣ್ಣೇ ಬದುಕು. ಕಣ್ಣು ಕಾಣದಿದ್ದರೆ ಹುಳ ಹಿಡಿಯುವುದು ಹೇಗೆ, ಹೊಟ್ಟೆ ತುಂಬುವುದು ಹೇಗೆ? ದೊಡ್ಡಾಲದ ಪಟ್ಟಣದಲ್ಲಿ ಕರಡಿ ಪಂಡಿತರು ಕಣ್ಣಿಗೆ ಔಷಧಿ ಹಾಕುತ್ತಾರೆಂದು ಯಾರೋ ಹೇಳಿದರು. ಸಣ್ಣಮ್ಮ ಮಗಳನ್ನು ಹೊಟ್ಟೆಗೆ ಅವಚಿಕೊಂಡು ಏಳು ದಿನ ನಡೆದು ಅಲ್ಲಿಗೆ ಬಂದಳು.

ಪಂಡಿತರು ರೆಪ್ಪೆ ಎತ್ತಿ ನೋಡಿದರು. "ಗುಣ ಆಗುತ್ತೆ ಕಣಮ್ಮ. ನಾಳೆಯಿಂದ ಮೂರು ದಿನ ಬೆಳಗ್ಗೆ ಸೊಪ್ಪಿನ ರಸ ಹಾಕ್ತೀನಿ. ನನಗೇನೂ ಕೊಡಬೇಡ. ಆದ್ರೆ ರಸ ಹಾಕಿದ ಕಣ್ಣಿಗೆ ಬಿಸಿಲು ತಾಕಬಾರದು. ತಾಕಿತೋ, ಇರೋ ಚೂರು ನೋಟವೂ ಹೋಯ್ತು. ಆಲದ ಮರದಲ್ಲಿ ಉತ್ತರದ ಕಡೆ ಮೂರೆಲೆ ಪೊಟರೆ ಹಿಡಿ. ಇವತ್ತು ಸಂಜೆಯೊಳಗೇ ಹಿಡಿ" ಎಂದರು.

ದೊಡ್ಡಾಲ ಎಂದರೆ ಸಾಮಾನ್ಯ ಮರವಲ್ಲ, ಮರವೇ ಒಂದು ಪಟ್ಟಣ. ಅದರ ಕಾಂಡದಲ್ಲಿ ಮರಕುಟಿಗಗಳು ನೂರಾರು ಪೊಟರೆ ಕೊರೆದು, ಬಂದುಹೋಗುವವರಿಗೆ ಬಾಡಿಗೆಗೆ ಕೊಡುತ್ತಿದ್ದವು. ಬಾಗಿಲಲ್ಲಿ ಒಂದೆಲೆ ಸಿಕ್ಕಿಸಿದ್ದರೆ ಬರೀ ತೂತು. ಎರಡೆಲೆಯಿದ್ದರೆ ಪರವಾಗಿಲ್ಲ. ಮೂರೆಲೆಯಿದ್ದರೆ ಆಳವಾದ, ಬೆಚ್ಚಗಿನ ಕೋಣೆ. ಮೂರೆಲೆ ಪೊಟರೆಗೆ ಮೂರು ದಿನಕ್ಕೆ ಇಪ್ಪತ್ತು ಗೇರುಬೀಜ. ಸಣ್ಣಮ್ಮನ ಗಂಟಿನಲ್ಲಿ ಇದ್ದದ್ದು ಹನ್ನೆರಡು.

ಬಾಗಿಲಿಗೆ ಹೋಗಿ ಚೌಕಾಸಿ ಮಾಡುವಂತಿರಲಿಲ್ಲ. ಒಬ್ಬರಿಗೆ ಇಳಿಸಿದರೆ ನಾಳೆ ಎಲ್ಲರೂ ಹಾಗೇ ಕೇಳುತ್ತಾರೆಂದು ಮರಕುಟಿಗಗಳಿಗೆ ಭಯ. ಹಾಗೆಂದು ಪೊಟರೆ ಖಾಲಿ ಬಿಟ್ಟರೂ ನಷ್ಟ. ಅದಕ್ಕೇ ಜೇಡಜ್ಜಿ ಮರದ ಬುಡದಲ್ಲಿ ಕೂತು ಪ್ರತಿ ಪೊಟರೆಗೂ ಒಂದೊಂದು ಎಳೆ ಬಿಟ್ಟು ಬಲೆ ನೇಯ್ದಿದ್ದಳು. ಬೇಕಾದವರು ಯಾವ ದಿಕ್ಕು, ಎಷ್ಟೆಲೆ ಎಂದು ಹೇಳಿ, ಎಷ್ಟು ಬೀಜ ಕೊಡುತ್ತಾರೋ ಅಷ್ಟು ಸಲ ಬಲೆ ಎಳೆಯಬೇಕು. ಮೇಲೆ ಯಾರಾದರೂ ಒಪ್ಪಿದರೆ ತಮ್ಮ ಎಳೆಯನ್ನು ಒಮ್ಮೆ ಜಗ್ಗುತ್ತಾರೆ. ಕೇಳಿದವರಾರೆಂದು ಮೇಲಿನವರಿಗೆ ಗೊತ್ತಿಲ್ಲ, ಕೊಟ್ಟವರಾರೆಂದು ಕೆಳಗಿನವರಿಗೆ ಗೊತ್ತಿಲ್ಲ. ಜಗ್ಗಿದ ಮೇಲೆ ಯಾವ ಪೊಟರೆ ಬಂದರೂ ಅದೇ ನಿಮ್ಮದು. ಕೊಟ್ಟ ಬೀಜ ವಾಪಸ್ಸಿಲ್ಲ.

"ಯಾರೂ ಜಗ್ಗದಿದ್ದರೆ?" ಎಂದು ಸಣ್ಣಮ್ಮ ಕೇಳಿದಳು.

"ಬೀಜ ನಿನ್ನ ಹತ್ರಾನೇ ಉಳಿಯುತ್ತೆ. ಆದ್ರೆ ಅದೇ ದಿಕ್ಕಿನ ಪೊಟರೆಗೆ ಇವತ್ತು ಮತ್ತೆ ಕೇಳೋ ಹಾಗಿಲ್ಲ. ಇನ್ನೊಂದು ದಿಕ್ಕನ್ನೂ ಸೇರಿಸ್ಕೊಂಡರೆ ಇನ್ನೊಂದು ಸಲ ಕೇಳಬಹುದು. ಆಗ ಎರಡರಲ್ಲಿ ಯಾವ ದಿಕ್ಕಿಂದು ಬಂದರೂ ತಗೋಬೇಕು, ತಿಳೀತಾ?" ಎಂದಳು ಜೇಡಜ್ಜಿ.

ಅಷ್ಟರಲ್ಲಿ ಘಮ್ಮೆಂದು ವಾಸನೆ ಬಂತು. ಹಿಂದೆಯೇ ಪುನುಗಯ್ಯ ಬಂದ. ಅವನೊಂದು ಪುನುಗು ಬೆಕ್ಕು. ಹೊಸಬರ ಮೂಗಿಗೆ ತುಪ್ಪ ಸವರಿ ಬೀಜ ಕೀಳುವುದೇ ಅವನ ಕಸುಬು.

"ಅಕ್ಕಾ, ಈ ಬಲೆ ವ್ಯವಹಾರ ನಿಮ್ಮಂಥ ಸಾಧು ಜನಕ್ಕೆ ಆಗಿ ಬರಲ್ಲ. ಎರಡು ಬೀಜ ಕೊಡಿ, ಎಷ್ಟು ಎಳೀಬೇಕು ಅಂತ ಹೇಳಿಕೊಡ್ತೀನಿ" ಎಂದ.

"ಸಂಜೆವರೆಗೂ ಹೊತ್ತಿದೆಯಲ್ಲ ಅಣ್ಣ. ನೋಡ್ತೀನಿ" ಎಂದಳು ಸಣ್ಣಮ್ಮ.

ಆಕೆ ಚುಕ್ಕಿಯನ್ನು ನೆರಳಲ್ಲಿ ಮಲಗಿಸಿ, ಮರ ಇಳಿಯುವ ದಾರಿಯಲ್ಲಿ ಕೂತಳು. ಪೊಟರೆ ಬಿಟ್ಟು ಊರಿಗೆ ಹೊರಟ ಒಬ್ಬೊಬ್ಬರನ್ನೂ ಮಾತಾಡಿಸಿದಳು. ಯಾವ ದಿಕ್ಕಲ್ಲಿದ್ದಿರಿ, ಎಷ್ಟೆಲೆ, ಎಷ್ಟಕ್ಕೆ ಸಿಕ್ಕಿತು, ಯಾವ ಹೊತ್ತಿನಲ್ಲಿ ಎಳೆದಿರಿ? ಉಡ ಹದಿನಾಲ್ಕು ಎಂದಿತು. ಹಾರುಬೆಕ್ಕು, "ಹೊತ್ತು ಮುಳುಗೋ ಮುಂಚೆ ಎಳೆದೆ ನೋಡಿ, ಹನ್ನೆರಡಕ್ಕೆ ಬಂತು" ಎಂದಿತು. ಮುದಿ ಗೂಬೆಯೊಂದು ಹಿಂದೊಮ್ಮೆ ಎಂಟಕ್ಕೂ ಸಿಕ್ಕಿತ್ತೆಂದು ಹೇಳಿತು. ಸಣ್ಣಮ್ಮ ಕೇಳಿದ್ದನ್ನೆಲ್ಲ ಬೇರಿನ ಮೇಲೆ ಉಗುರಿನಿಂದ ಗೀಚಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಬೇರಿನ ತುಂಬ ಗೀಟುಗಳಾದವು. ಎಷ್ಟು ಜನ ಎಷ್ಟು ಸಲ ಆ ಮರಕ್ಕೆ ಬಂದು ಹೋಗಿದ್ದರೋ, ಹೀಗೆ ಕೂತು ಕೇಳುವ ಬುದ್ಧಿ ಒಬ್ಬರಿಗೂ ಬಂದಿರಲಿಲ್ಲ.

ಪುನುಗಯ್ಯ ದೂರದಿಂದ ನೋಡಿ ನಕ್ಕ. ಬಂದವರಿಗೆ ಹೇಳಿ ಹೇಳಿಯೇ ಅವನಿಗೆ ಅಭ್ಯಾಸ. ಯಾರನ್ನೂ ಏನನ್ನೂ ಕೇಳಿದವನಲ್ಲ.

ಸಂಜೆ ಬಿಸಿಲು ಇಳಿಯತೊಡಗಿದಾಗ ಸಣ್ಣಮ್ಮ ಬಲೆಯ ಬಳಿ ಬಂದಳು. "ಉತ್ತರ, ಮೂರೆಲೆ" ಎಂದು ಎಂಟು ಸಲ ಎಳೆದಳು. ಸಿಕ್ಕರೆ ವಾಪಸ್ಸು ಹೋಗುವಾಗ ದಾರಿಯ ಊಟಕ್ಕೆ ನಾಲ್ಕು ಬೀಜ ಉಳಿಯುತ್ತಿತ್ತು. ಬಲೆ ಅಲ್ಲಾಡಲಿಲ್ಲ.

"ಪೂರ್ವವನ್ನೂ ಸೇರಿಸ್ಕೊಳ್ಳಿ ಅಜ್ಜಿ" ಎಂದು ಹತ್ತು ಸಲ ಎಳೆದಳು.

ಈ ಪೂರ್ವ ಸೇರಿಸಿದ್ದರಲ್ಲೇ ಆಕೆಯ ಜಾಣತನವಿತ್ತು. ಪೂರ್ವದ ಕಡೆ ಆನೆಗಳು ಬೆನ್ನು ಉಜ್ಜಲು ಬರುತ್ತಿದ್ದವು. ಮರ ಅಲುಗುವ ಆ ಕಡೆ ಯಾವ ಮರಕುಟಿಗವೂ ಒಳ್ಳೆಯ ಪೊಟರೆ ಕೊರೆದಿರಲಿಲ್ಲ. ದಕ್ಷಿಣಕ್ಕೆ ಬಿರುಗಾಳಿ ಬಡಿಯುತ್ತಿತ್ತು, ಅಲ್ಲಿಯೂ ಅಷ್ಟೇ. ಮೂರೆಲೆಯ ಪೊಟರೆಗಳು ಇದ್ದದ್ದು ಉತ್ತರ ಮತ್ತು ಪಶ್ಚಿಮದಲ್ಲಿ ಮಾತ್ರ. ಹಾಗಾಗಿ ಪೂರ್ವ, ದಕ್ಷಿಣಗಳನ್ನು ಸೇರಿಸಿದರೂ ಬಂದರೆ ಉತ್ತರದ್ದೇ ಬರಬೇಕು. ಕೇಳಲು ಮಾತ್ರ ಎರಡು ಸಲ ಹೆಚ್ಚಿಗೆ ಸಿಕ್ಕಿತು. ಇಷ್ಟನ್ನೂ ಆಕೆ ಅರ್ಧ ದಿನದಲ್ಲಿ ಹೋಗಿಬರುವವರ ಬಾಯಿಂದಲೇ ತಿಳಿದುಕೊಂಡಿದ್ದಳು.

ಹತ್ತಕ್ಕೂ ಬಲೆ ಅಲ್ಲಾಡಲಿಲ್ಲ.

ಪುನುಗಯ್ಯ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಈಕೆಗೆ ಉತ್ತರದ ಪೊಟರೆ ಬೇಕೇಬೇಕು, ಮಗುವಿನ ಕಣ್ಣಿನ ವಿಷಯ. ಮೊದಲು ಅದನ್ನು ನಾನು ಹಿಡಿದರೆ ಎಷ್ಟು ಹೇಳಿದರೂ ಸಾಲ ಮಾಡಿಯಾದರೂ ಕೊಡುತ್ತಾಳೆ ಎಂದು ಲೆಕ್ಕ ಹಾಕಿದ. ಸಣ್ಣಮ್ಮನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದು, "ಉತ್ತರ, ಮೂರೆಲೆ" ಎಂದು ಹನ್ನೊಂದು ಸಲ ಎಳೆದ. ಯಾರೂ ಜಗ್ಗಲಿಲ್ಲ. ದಿಕ್ಕು ಸೇರಿಸುವುದೇ ಇದರ ಗುಟ್ಟಿರಬೇಕು ಎಂದುಕೊಂಡ.

"ಪಶ್ಚಿಮ ಸೇರಿಸಜ್ಜಿ" ಎಂದು ಒಂದೇ ಉಸಿರಿಗೆ ಹದಿನೈದು ಸಲ ಎಳೆದ.

ಎಳೆದು ಕೈ ಬಿಡುವ ಮೊದಲೇ ಬಲೆ ಜಗ್ಗಿತು. ಪಶ್ಚಿಮದಲ್ಲಿ ಒಂದು ಪೊಟರೆಗೆ ಮಧ್ಯಾಹ್ನದಿಂದ ಸಂಜೆಯವರೆಗೂ ಬಿಸಿಲು ನೇರ ನುಗ್ಗುತ್ತಿತ್ತು. ಅಲ್ಲಿಗೆ ಯಾರೂ ಬರದೆ ತಿಂಗಳುಗಳಾಗಿದ್ದವು. ಅದರ ಯಜಮಾನ ಎಳೆಯನ್ನು ಕಾಲಲ್ಲೇ ಹಿಡಿದು ಕಾಯುತ್ತಿದ್ದ. ಉತ್ತರದವರು ಕೊಕ್ಕು ಎತ್ತುವಷ್ಟರಲ್ಲಿ ಅವನು ಜಗ್ಗಿಬಿಟ್ಟಿದ್ದ. ಜೇಡಜ್ಜಿ ಹದಿನೈದು ಬೀಜ ಎಣಿಸಿಕೊಂಡು ಪೊಟರೆ ತೋರಿಸಿದಳು. ಪುನುಗಯ್ಯನ ಮುಖ ಹುಳ್ಳಗಾಯಿತು.

ಆದರೂ ಅವನು ಸುಮ್ಮನಾಗುವವನಲ್ಲ. "ಅಕ್ಕಾ, ಮೂರೆಲೆ ಪೊಟರೆ. ನಿಮ್ಮ ಮಗು ಮುಖ ನೋಡಿ ಕರುಳು ಚುರ್ ಅಂತು. ಹನ್ನೆರಡಕ್ಕೇ ಬಿಟ್ಟುಕೊಡ್ತೀನಿ" ಎಂದ.

ಸಣ್ಣಮ್ಮನಿಗೆ ಒಂದು ಗಳಿಗೆ ಮನಸ್ಸು ತೂಗಾಡಿತು. ಉಳಿದಿದ್ದದ್ದು ಒಂದೇ ಸಲ. ಅದೂ ತಪ್ಪಿದರೆ ಬಯಲೇ ಗತಿ, ನಾಳೆ ರಸವೇ ಹಾಕುವಂತಿಲ್ಲ. ಆಕೆಗೆ ನಿಜವಾಗಿಯೂ ಭಯವಾಯಿತು. ಕತ್ತೆತ್ತಿ ಪಶ್ಚಿಮದ ಪೊಟರೆಯನ್ನು ನೋಡಿದಳು. ಅದರ ಬಾಯಲ್ಲಿ ಇನ್ನೂ ಬಿಸಿಲು ನಿಗಿನಿಗಿ ಉರಿಯುತ್ತಿತ್ತು.

"ಅಲ್ಲಿ ಬಿಸಿಲು ಬೀಳುತ್ತಲ್ಲ ಅಣ್ಣ?"

"ಕಣ್ಣಿಗೊಂದು ಎಲೆ ಕಟ್ಟಿದರಾಯ್ತು. ಮಕ್ಕಳಿಗೆ ಅಷ್ಟೆಲ್ಲ ಏನೂ ಆಗಲ್ಲ ಬಿಡಿ."

"ಬೇಡಣ್ಣ. ಇದು ನನ್ನ ಮಗಳ ಕಣ್ಣಿನ ವಿಷಯ" ಎಂದಳು ಸಣ್ಣಮ್ಮ.

ಆಕೆ ತಟ್ಟನೆ ಎಳೆಯಲಿಲ್ಲ. ಚುಕ್ಕಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕಾದಳು. ಹಾರುಬೆಕ್ಕು ಹೇಳಿದ ಹೊತ್ತು ಬರಬೇಕಿತ್ತು. ಖಾಲಿ ಪೊಟರೆಯವರಿಗೆ ಇನ್ನು ಯಾರೂ ಬರುವುದಿಲ್ಲವೆಂದು ಅನ್ನಿಸುವುದು ಆಗಲೇ. ಬಿಸಿಲು ಕಾಂಡ ಬಿಟ್ಟು ಮೇಲೆ ಮೇಲೆ ಸರಿದು, ತುದಿಯ ಎಲೆಗಳಲ್ಲಿ ಮಾತ್ರ ಉಳಿಯಿತು.

"ದಕ್ಷಿಣವನ್ನೂ ಸೇರಿಸಿ ಅಜ್ಜಿ" ಎಂದಳು. ಒಂದು, ಎರಡು, ಮೂರು ಎಂದು ಎಣಿಸಿ ಹನ್ನೆರಡು ಸಲ ಎಳೆದಳು. ಇದ್ದದ್ದೆಲ್ಲ ಅಲ್ಲಿಗೆ ಮುಗಿಯಿತು.

ಬಲೆ ಸುಮ್ಮನಿತ್ತು. ಪುನುಗಯ್ಯ ಹಲ್ಲು ಕಿರಿದ. ಸಣ್ಣಮ್ಮ ಮಗಳ ತಲೆ ಸವರುತ್ತ ಕೂತಳು.

ಆಮೇಲೆ ಉತ್ತರದ ಒಂದು ಎಳೆ ಮೆಲ್ಲಗೆ ಜಗ್ಗಿತು.

ಜೇಡಜ್ಜಿ ತನ್ನ ಎಂಟೂ ಕಾಲಿನಲ್ಲಿ ಆ ಎಳೆಯನ್ನು ಮುಟ್ಟಿ ನೋಡಿದಳು. "ಇಷ್ಟು ವರ್ಷ ಬಲೆ ಹೆಣೆದವಳು ನಾನು. ಇದನ್ನು ಹೀಗೆ ಉಪಯೋಗಿಸಬಹುದು ಅಂತ ನನಗೇ ಹೊಳೆದಿರಲಿಲ್ಲ ಕಣೆ ಮಗಳೇ. ಒಂದು ಸುಳ್ಳಿಲ್ಲ, ಒಂದು ಮೋಸ ಇಲ್ಲ. ಹೋಗು, ಕೆಂಜುಟ್ಟಿನ ಮರಕುಟಿಗನ ಪೊಟರೆ ನಿಂದು" ಎಂದಳು.

ಪಶ್ಚಿಮದ ಪೊಟರೆಯನ್ನು ಪುನುಗಯ್ಯ ಹತ್ತಕ್ಕೆ ಕೂಗಿದ, ಐದಕ್ಕೆ ಕೂಗಿದ. ಯಾರೂ ಕೊಳ್ಳಲಿಲ್ಲ. ಹದಿನೈದು ಬೀಜ ದಂಡವಾಗಬಾರದೆಂದು ಕೊನೆಗೆ ತಾನೇ ಹೋಗಿ ಮಲಗಿದ. ಹಗಲು ನಿದ್ದೆ ಮಾಡುವ ಪ್ರಾಣಿ ಅವನು. ಮೂರು ದಿನವೂ ಬಿಸಿಲಿನಲ್ಲಿ ಬೆಂದು, ಒಂದು ಗಳಿಗೆ ಕಣ್ಣು ಮುಚ್ಚಲಾಗದೆ, ಇಂಗು ತಿಂದ ಮಂಗನಂತೆ ಕೆಳಗಿಳಿದ. ಹೊಸಬರು ಈಗ ಅವನನ್ನು ದಾಟಿ, ಬೇರಿನ ಮೇಲಿನ ಗೀಟುಗಳನ್ನು ನೋಡಲು ಹೋಗುತ್ತಿದ್ದರು.

ಮೂರು ದಿನವೂ ಬೆಳಗ್ಗೆ ಪಂಡಿತರು ಪೊಟರೆಗೇ ಬಂದು ರಸ ಹಾಕಿದರು. ಸಣ್ಣಮ್ಮ ಕತ್ತಲಲ್ಲಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ನಾಲ್ಕನೆಯ ದಿನ ಬೆಳಗ್ಗೆ ಪಂಡಿತರು ಚುಕ್ಕಿಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, "ಏನು ಕಾಣುತ್ತೆ ಹೇಳು ಮರಿ" ಎಂದರು.

ಚುಕ್ಕಿ ಬಲಗಣ್ಣನ್ನು ಎರಡು ಸಲ ಮಿಟುಕಿಸಿದಳು. "ಅಮ್ಮ, ನಿನ್ನ ಮೂಗಿನ ಮೇಲೆ ಇರುವೆ ಹೋಗ್ತಿದೆ" ಎಂದಳು.

ಸಣ್ಣಮ್ಮ ಇರುವೆಯನ್ನು ಕೊಡವಲೂ ಇಲ್ಲ. ಅಳುತ್ತಾ ನಗುತ್ತಾ ಮಗಳನ್ನು ಅಪ್ಪಿಕೊಂಡಳು.

ನೀತಿ: ನಾಲ್ಕು ಜನರನ್ನು ಕೇಳಿ ತಿಳಿದು, ತಾಳ್ಮೆಯಿಂದ ನಡೆಯುವವರಿಗೆ ಇದ್ದಷ್ಟರಲ್ಲೇ ಕೆಲಸ ಆಗುತ್ತದೆ. ಇನ್ನೊಬ್ಬರ ಕಷ್ಟದಲ್ಲಿ ಲಾಭ ಹುಡುಕುವವನು ತನ್ನ ಆತುರದಲ್ಲಿ ತಾನೇ ಸಿಕ್ಕಿಬೀಳುತ್ತಾನೆ.